ಮುಸ್ತಫಾ ಸಾಬರ ನೋಡ್‌ಗೆ ನಾನು ಮಾಡಿಸಿದ ಕಸಿ

ಮೂಡಿಗೆರೆಯಿಂದ ಜಾವಳಿಗೆ ಹೋಗುವ ದಾರಿಯಲ್ಲಿ ಗುಲಾಮ್ ಮುಸ್ತಫಾ ಅವರ ವರ್ಕ್‌ಶಾಪ್ ಇದೆ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಕುಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳು ಅದರ ಮುಂದೆ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಹಾಗೆ ಸಾಲುಗಟ್ಟಿ ಕೂತಿರುತ್ತವೆ. ಸಾಬರು ಒಂದೊಂದರ ಹಿಡಿಕೆ ಹಿಡಿದು ನಿಧಾನಕ್ಕೆ ತಿರುಗಿಸಿ, ಕಿವಿ ಕೊಟ್ಟು ಕೇಳಿ, ಕಾಯಿಲೆ ಹೇಳುತ್ತಾರೆ. ನನ್ನದನ್ನು ಒಯ್ದಾಗ ಎರಡು ಸುತ್ತು ತಿರುಗಿಸಿ, "ಮಿಷನ್ ಸರಿ ಇದೆ ಗೌಡ್ರೆ. ಹಣ್ಣು ಕುಯ್ಸೋ ಬದ್ಲು ಕಾಯಿ ಕುಯ್ಸಿದೀರಿ," ಎಂದರು. ಅಂದಿನಿಂದ ನಾನು ಅದನ್ನು ಬೇರೆಯವರ ಕೈಲಿ ಕಳಿಸುತ್ತೇನೆ.

ಅವರಿಗೀಗ ಅರವತ್ತೆರಡು ದಾಟಿದೆ. ಹದಿನೈದಕ್ಕೆ ದಾಸಯ್ಯ ಎಂಬ ಎಸ್ಟೇಟ್ ಫಿಟ್ಟರ್ ಜೊತೆ ಕೆಲಸಕ್ಕೆ ಸೇರಿದವರು. ದಾಸಯ್ಯ ಬಾಯಿಬಿಟ್ಟು ಕಲಿಸಿದವರಲ್ಲ. ಓಡುವ ಯಂತ್ರದ ಮೈಮೇಲೆ ಕೈ ಇಡಿಸಿ ಸುಮ್ಮನಾಗಿಬಿಡುತ್ತಿದ್ದರಂತೆ. ಹಾಗೆ ಅಂಗೈಯಿಂದ ಕಲಿತ ವಿದ್ಯೆ ಇಷ್ಟು ವರ್ಷ ಅನ್ನ ಹಾಕಿದೆ. ಬಾಬಾಬುಡನ್‌ಗಿರಿಯ ತಪ್ಪಲಿಂದ ಕಳಸದ ತನಕ ಯಾವ ತೋಟದಲ್ಲಿ ಯಾವ ಕಾಲದ ಪಲ್ಪರ್ ಇದೆ ಎಂದು ಕೇಳಿದರೆ ಹೇಳುತ್ತಾರೆ. ಮೊಮ್ಮಕ್ಕಳ ಹೆಸರು ಕೇಳಿದರೆ ಮಾತ್ರ ಹೆಂಡತಿ ಸುಗ್ರಾ ಬೀ ಅವರ ಮುಖ ನೋಡುತ್ತಾರೆ. ಕನ್ನಡ ಓದುತ್ತಾರೆ, ಉರ್ದು ಓದುತ್ತಾರೆ. ಇಂಗ್ಲಿಷಿನಲ್ಲಿ ಗೊತ್ತಿರುವುದು ಯಂತ್ರದ ಭಾಗಗಳ ಹೆಸರಷ್ಟೇ, ಅಂದರೆ ಕೆಲಸಕ್ಕೆ ಬರುವಷ್ಟು. ಉಳಿದ ಇಂಗ್ಲಿಷೆಲ್ಲ ನನಗೆ ಗೊತ್ತು. ಮುಂದೆ ಆದ ಅನಾಹುತ ಆ ಉಳಿದದ್ದರಿಂದ ಆದದ್ದು.

ನಮ್ಮದು ನಲವತ್ತೊಂದು ಜನ ಸಣ್ಣ ಬೆಳೆಗಾರರ ಕೂಟ. ನಾನು ಕಾರ್ಯದರ್ಶಿ. ನನ್ನ ಯೋಗ್ಯತೆ ಏನೆಂದರೆ ಕಾನ್ವೆಂಟಿನಲ್ಲಿ ಓದಿದ್ದು. ನಾಲ್ಕು ಕುಯ್ಲಿನ ಹಿಂದೆ ಒಂದು ಕಂಪನಿಯವರು ಬಂದು, ನಮ್ಮ ಕಾಫಿ ಯಾರ ತೋಟದ್ದು, ಯಾವತ್ತು ಕುಯ್ದದ್ದು, ಎಷ್ಟು ದಿನ ಒಣಗಿಸಿದ್ದು ಎಂಬುದನ್ನೆಲ್ಲ ಬ್ಲಾಕ್‌ಚೈನ್‌ನಲ್ಲಿ ಬರೆದಿಡುವ ಏರ್ಪಾಟು ಮಾಡಿಕೊಟ್ಟರು. ಒಂದು ಪುಸ್ತಕ ಎಂದುಕೊಳ್ಳಿ. ಒಂದು ಸಲ ಬರೆದದ್ದನ್ನು ಯಾರೂ ತಿದ್ದುವಂತಿಲ್ಲ. ತಿದ್ದಿದರೆ ಗೊತ್ತಾಗಲಿ ಎಂದು ಅದೇ ಪುಸ್ತಕದ ಪ್ರತಿ ಮೂರು ಕಡೆ ಇರುತ್ತದೆ: ಜಾವಳಿಯ ನಮ್ಮಲ್ಲಿ ಒಂದು, ಮಲ್ಲಂದೂರಿನ ಕೂಟದಲ್ಲಿ ಒಂದು, ಕಳಸದ ಕೂಟದಲ್ಲಿ ಒಂದು. ಪ್ರತಿ ಇಟ್ಟುಕೊಂಡ ಕಂಪ್ಯೂಟರಿಗೆ ನೋಡ್ ಎಂದು ಹೆಸರು.

ಆ ಸಭೆಯಲ್ಲಿ ನಲವತ್ತೊಂದು ತಲೆಗಳೂ ಒಟ್ಟಿಗೆ ಆಡಿದವು. ಯಾಕೆಂದರೆ ಮಾತೆಲ್ಲ ನಮ್ಮವೇ. ಬ್ಲಾಕ್ ಎಂದರೆ ತೋಟದ ಒಂದು ತುಂಡು. ನಮ್ಮಜ್ಜನ ಕಾಲದಿಂದ ನಮ್ಮಲ್ಲಿ ಮೇಲಿನ ಬ್ಲಾಕ್, ಹಳ್ಳದ ಬ್ಲಾಕ್ ಇವೆ. ಚೈನ್ ಎಂದರೆ ಸರ್ವೆಯವರು ಎಳೆದಾಡುವ ಸರಪಳಿ. ನೋಡ್ ಎಂದರೆ ಕಾಫಿ ರೆಂಬೆಯ ಗೆಣ್ಣು, ಕಾಯಿ ಕಟ್ಟುವ ಜಾಗ. ಇಷ್ಟು ಗೊತ್ತಿದ್ದ ಮೇಲೆ ಪ್ರಶ್ನೆ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ನೋಡನ್ನು ನೋಡಿಕೊಳ್ಳಲು ಸದಾ ಕರೆಂಟಿರುವ ಜಾಗ ಬೇಕಿತ್ತು. ದೊಡ್ಡ ಬ್ಯಾಟರಿ, ಜನರೇಟರ್, ಫೈಬರ್ ಲೈನ್ ಮೂರೂ ಇದ್ದದ್ದು ಸಾಬರ ವರ್ಕ್‌ಶಾಪಿನಲ್ಲಿ. ಸುಗ್ರಾ ಬೀ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಕೋಣೆಗೆ ಅದು ಬಂತು. "ಅದಕ್ಕೊಂದು ಫ್ಯಾನು, ಅದಕ್ಕೊಂದು ಬ್ಯಾಟ್ರಿ. ಜಾಡಿಗಳು ಮಾತ್ರ ಮಂಚದ ಕೆಳಗೆ," ಎಂದು ಅವರು ನನ್ನನ್ನು ನೋಡಿಯೇ ಹೇಳಿದರು.

ಇನ್ನು ಗಿಡ್ಡಮ್ಮನ ವಿಷಯ. ಕಾಫಿ ಗಿಡ ಸವರುವುದಕ್ಕೆ ನಮ್ಮ ಕಡೆ ಕಸಿ ಎನ್ನುತ್ತೇವೆ. ಬಯಲುಸೀಮೆಯವರಿಗೆ ಕಸಿ ಎಂದರೆ ಒಂದಕ್ಕೊಂದು ಸೇರಿಸಿ ಬೆಳೆಸುವುದು. ನಮಗೆ ಕತ್ತರಿಸಿ ತೆಗೆಯುವುದು. ಆ ಗಿಡಗಸಿಯಲ್ಲಿ ಜಾವಳಿ ಸುತ್ತ ಗಿಡ್ಡಮ್ಮನನ್ನು ಮೀರಿಸಿದವರಿಲ್ಲ. ಮೂವತ್ತೈದು ವರ್ಷ ಊರವರ ತೋಟದಲ್ಲಿ ದುಡಿದು, ಈಗ ಮನೆ ಹಿಂದಿನ ಅರ್ಧ ಎಕರೆಯಲ್ಲಿ ತನ್ನದೇ ಅರೆಬಿಕಾ ಮಾಡಿಕೊಂಡಿದ್ದಾಳೆ. ಹಣ್ಣನ್ನು ಬುಟ್ಟಿಯಲ್ಲಿ ತಂದು ಸಾಬರ ಸಣ್ಣ ಪಲ್ಪರಿಗೆ ಹಾಕಿಸುತ್ತಾಳೆ. ಸಾಬರು ಅಂದಂದೇ ಪುಸ್ತಕಕ್ಕೆ ಏರಿಸುತ್ತಾರೆ. ಕಾಫಿ ಹುರಿದು ಮಾರುವ ಒಬ್ಬ ಮೇಡಂ ಅವಳ ಕಾಫಿ ಕುಡಿದು ನೋಡಿ, ಇದನ್ನು ಬೇರೆಯದರ ಜೊತೆ ಬೆರೆಸುವುದಿಲ್ಲ, ಪೊಟ್ಟಣದ ಮೇಲೆ ಗಿಡ್ಡಮ್ಮ ಅಂತಲೇ ಹಾಕುತ್ತೇನೆ ಎಂದರು. ಒಂದೇ ಷರತ್ತು: ಸತತ ಮೂರು ಕುಯ್ಲಿನ ದಾಖಲೆ ಪುಸ್ತಕದಲ್ಲಿರಬೇಕು.

"ವೋಟಿನ ಪಟ್ಟಿ ಬಿಟ್ರೆ ನನ್ನ ಹೆಸ್ರು ಎಲ್ಲೂ ಅಚ್ಚಾಗಿಲ್ಲ ಮುಸ್ತಫಣ್ಣ," ಎಂದಿದ್ದಳು ಗಿಡ್ಡಮ್ಮ. "ಅದ್ರಲ್ಲೂ ಗಿಡ್ಡಪ್ಪ ಅಂತ ಇದೆ."

"ಇದ್ರಲ್ಲಿ ಸರಿಯಾಗೇ ಇರುತ್ತೆ. ಅಳ್ಸೋಕೆ ಯಾರಿಂದ್ಲೂ ಆಗಲ್ಲ," ಎಂದಿದ್ದರು ಸಾಬರು. ಅವರಿಗೆ ನನ್ನ ಸಾಮರ್ಥ್ಯದ ಅಂದಾಜಿರಲಿಲ್ಲ.

ಮೂರನೇ ಕುಯ್ಲು ಮುಗಿಯುತ್ತ ಬಂದಿತ್ತು. ಮೇಡಂ ಬರಲು ಹತ್ತು ದಿನ ಇರುವಾಗ, ಬೆಳಿಗ್ಗೆ ತಿಂಡಿ ಹೊತ್ತಿಗೆ ಸಾಬರ ಫೋನು.

"ಗೌಡ್ರೆ, ನೋಡ್ ನಿಂತಿದೆ."

"ನೋಡ್ತೀನಿ."

"ನೋಡೋಕೇನಿದೆ, ನಿಂತಿದೆ ಅಂತಿದೀನಲ್ಲ ಮಾರಾಯ್ರೆ. ಗಿಡ್ಡಮ್ಮಂದು ಕೊನೇ ಬುಟ್ಟಿ ಬರಿಯೋಕೇ ಆಗ್ತಿಲ್ಲ."

ಹೋದೆ. ಪರದೆಯ ಮೇಲೆ ಡಿಸ್ಕ್ ಫುಲ್ ಎಂದಿತ್ತು. ಪಲ್ಪರಿನಲ್ಲೂ ಒಂದು ಡಿಸ್ಕ್ ಇರುತ್ತದೆ, ಸಿಪ್ಪೆ ಬಿಡಿಸುವ ತಟ್ಟೆ. ಅದು ಆಗಾಗ ಸಿಪ್ಪೆ ಕಟ್ಟಿಕೊಂಡು ನಿಲ್ಲುತ್ತದೆ. ಸಾಬರು ಅದೇ ಲೆಕ್ಕದಲ್ಲಿ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಕಂಪ್ರೆಸರಿನಿಂದ ಗಾಳಿ ಹೊಡೆದು, ಮತ್ತೆ ಮುಚ್ಚಿದ್ದರು. "ಧೂಳು ಹೋಯ್ತು. ಈ ಬರಹ ಹೋಗ್ಲಿಲ್ಲ," ಎಂದರು.

ನಾನು ಬಲ್ಲವನ ಗತ್ತಿನಲ್ಲಿ ನಕ್ಕೆ. ಇದು ಆ ಡಿಸ್ಕ್ ಅಲ್ಲ, ಪುಸ್ತಕ ಇಡುವ ಕಪಾಟು ಎಂದು ತಿಳಿಸಿದೆ. ಐನೂರು ಗಿಗಾಬೈಟ್ ತುಂಬಿ ತುಳುಕುತ್ತಿತ್ತು. ಬೈಟು ಎಂದರೆ ನಮ್ಮಲ್ಲಿ ಒಂದು ಕಾಫಿ ಇಬ್ಬರಿಗೆ. ಗಿಗಾಬೈಟು ಎಂದರೆ ಎಷ್ಟು ಜನಕ್ಕೋ ಎಂದು ಜೋಕು ಹೊಡೆದೆ. ಸಾಬರು ನಗಲಿಲ್ಲ. ಅವರು ಆ ಸದ್ದಿಲ್ಲದ ಯಂತ್ರದ ಮೈಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಕಂಪನಿಯ ಸಹಾಯವಾಣಿಗೆ ಫೋನು ಮಾಡೋಣ ಎಂದು ಅವರೇ ಹೇಳಿದ್ದು. ಬೇಡ ಎಂದವನು ನಾನು. ಕಂಪನಿ ಕೊಟ್ಟ ಇಂಗ್ಲಿಷ್ ಕೈಪಿಡಿಯಲ್ಲಿ ಜಾಗ ಸಾಲದಿದ್ದರೆ ಮಾಡಬೇಕಾದದ್ದು ನಾಲ್ಕು ಪುಟವಿತ್ತು. ಮೊದಲ ಮೂರು ಪುಟ ಏನೇನೋ ಫೈಲು ನೋಡಿ, ಅದನ್ನು ಅಳೆಯಿರಿ ಎಂಬ ಗೋಳು. ನಾಲ್ಕನೆಯ ಪುಟದಲ್ಲಿ ಹಳೆಯ ಗೆಳೆಯ ಸಿಕ್ಕ: ಪ್ರೂನ್. ಸಿಸ್ಟರ್ ಎಡ್ವಿನಾ ಆರನೇ ಕ್ಲಾಸಿನಲ್ಲಿ ನನ್ನಿಂದ ಹತ್ತು ಸಲ ಬರೆಸಿದ ಮಾತು. ಬರೆಸದಿದ್ದರೂ ಬೆಳೆಗಾರನಿಗೆ ಅದನ್ನು ಯಾರು ಹೇಳಿಕೊಡಬೇಕು?

"ಕಸಿ ಮಾಡ್ಬೇಕಂತೆ ಸಾಬ್ರೆ. ಇಷ್ಟೇ."

"ಕಡ್ದಿದ್ದು ಎಲ್ಲಿಗೆ ಹೋಗುತ್ತೆ?"

"ಗಿಡಗಸಿ ಮಾಡಿದ ರೆಂಬೆ ಎಲ್ಲಿಗೆ ಹೋಗುತ್ತೆ? ಒಲೆಗೆ. ಗಿಡ ಚಿಗುರುತ್ತೆ, ಇನ್ನೂ ಚೆನ್ನಾಗಿ ಬರುತ್ತೆ."

"ಇದು ಚಿಗುರುತ್ತಾ?"

"ಚಿಗುರದೆ ಏನು ಮಾರಾಯ್ರೆ, ನೋಡ್ ಅಂದ್ರೇನೇ ಗೆಣ್ಣು."

ಇದಕ್ಕಿಂತ ಒಳ್ಳೆಯ ವಾದ ನಾನು ನನ್ನ ಜೀವಮಾನದಲ್ಲಿ ಮಂಡಿಸಿಲ್ಲ. ಸಾಬರು ಕೀಲಿಮಣೆ ಮುಂದೆ ಕೂತರು. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ಒಂದು ಸಾಲು ಬಂತು.

"ಏನೋ ಕೇಳ್ತಿದೆ ಗೌಡ್ರೆ."

ಕೇಳುತ್ತಿದ್ದದ್ದು ಏನೆಂದರೆ, ಇದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ, ಮುಂದುವರಿಯಲೇ? ನಾನು ಓದಿದೆ. ಓದಿಯೂ, "ಅದು ಮರ್ಯಾದೆಗೆ ಕೇಳೋದು. ಊಟ ಆಯ್ತಾ ಅಂತ ನಾವು ಕೇಳಲ್ವಾ, ಹಾಗೆ. ವೈ ಒತ್ತಿ," ಎಂದೆ. ವೈ ಎಂದರೆ ಇಂಗ್ಲಿಷಿನಲ್ಲಿ ಯಾಕೆ ಎಂದೂ ಆಗುತ್ತದೆ ಎಂಬುದು ಕಾನ್ವೆಂಟಿನವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಒತ್ತಿದರು. ಅರ್ಧ ಗಂಟೆಯಲ್ಲಿ ಅರ್ಧ ಕಪಾಟು ಖಾಲಿ. ನೋಡ್ ಮತ್ತೆ ಓಡಿತು. ಗಿಡ್ಡಮ್ಮನ ಕೊನೆಯ ಬುಟ್ಟಿ ಪುಸ್ತಕಕ್ಕೆ ಏರಿತು. ಸುಗ್ರಾ ಬೀ ಕಾಫಿ ಕೊಟ್ಟರು. ನಾನು ಮನೆಗೆ ಬರುವ ದಾರಿಯುದ್ದಕ್ಕೂ ಸಿಸ್ಟರ್ ಎಡ್ವಿನಾರನ್ನು ನೆನೆದೆ.

ಮೂರನೇ ದಿನ ಮತ್ತೆ ಫೋನು. ಈ ಸಲ ಸಾಬರ ದನಿ ತಗ್ಗಿತ್ತು. ಮೇಡಂ ಬರುವ ಮುಂಚೆ ಒಮ್ಮೆ ಓಡಿಸಿ ನೋಡೋಣ ಎಂದು ಅವರು ಗಿಡ್ಡಮ್ಮನ ಚೀಲದ ಮೇಲಿನ ಕ್ಯೂಆರ್ ಕೋಡ್ ಎಂಬ ಚೌಕಳಿ ಗುರುತನ್ನು ಮೊಬೈಲಿಗೆ ತೋರಿಸಿದ್ದರು. ಬಂದದ್ದು ಈ ಜನವರಿಯ ಬುಟ್ಟಿಗಳು ಮಾತ್ರ. ಹಿಂದಿನದು ಯಾವುದೂ ಇಲ್ಲ.

"ಸ್ವಲ್ಪ ಟೈಮ್ ಕೊಡಿ. ಚಿಗುರ್ಬೇಕಲ್ಲ," ಎಂದೆ. ಅದನ್ನು ಹೇಳಿದವನು ನಾನೇ ಎಂದು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಕಸಿ ನನ್ನದು, ವಿಸಿ ಉಳಿದವರದು.

ಕೊನೆಗೆ ಸಹಾಯವಾಣಿಗೇ ಫೋನು ಹೋಯಿತು. ಅತ್ತ ಕಡೆಯ ಹುಡುಗಿ ಕನ್ನಡದಲ್ಲೇ ಮಾತಾಡಿದಳು. ನನ್ನ ಇಂಗ್ಲಿಷಿಗೆ ಅಲ್ಲೂ ಕೆಲಸವಿರಲಿಲ್ಲ. "ಸಾರ್, ಪ್ರೂನ್ ಮಾಡಿದ್ರೆ ಹಳೇದು ಹೋಗುತ್ತೆ. ವಾಪಸ್ ಬರಲ್ಲ. ಪೂರ್ತಿ ಇರೋ ಬೇರೆ ನೋಡ್‌ನಿಂದ ಮೊದಲಿಂದ ಇಳಿಸ್ಕೋಬೇಕು. ಮಲ್ಲಂದೂರು, ಕಳಸ ಇದೆಯಲ್ಲ?" ಆಮೇಲೆ ಕೇಳಿದಳು, "ಲಾಗ್ ಫೈಲ್ ಎಷ್ಟಿದೆ ನೋಡಿದ್ರಾ?"

ಲಾಗ್ ಎಂದರೆ ಮರದ ದಿಮ್ಮಿ ಎಂದು ನನಗೆ ಗೊತ್ತಿತ್ತು. ಇದು ದಿಮ್ಮಿಯಲ್ಲ, ಯಂತ್ರದ ದಿನಚರಿಯಂತೆ. ಅವಳು ಹೇಳಿದ ಹಾಗೆ ಸಾಬರು ಹುಡುಕಿ ತೆರೆದರು. ಮೂರು ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದಾಗಲೆಲ್ಲ ನಮ್ಮ ನೋಡ್ ಕೂತಲ್ಲೇ 'ಕಳಸ ಸಿಗುತ್ತಿಲ್ಲ, ಕಳಸ ಸಿಗುತ್ತಿಲ್ಲ' ಎಂದು ಸೆಕೆಂಡಿಗೆ ನೂರು ಸಲ ಬರೆದುಕೊಂಡಿತ್ತು. ಇನ್ನೂರು ಗಿಗಾಬೈಟ್ ಬರೀ ಗೋಳು. ಅದನ್ನು ಅಳಿಸಿದ್ದರೆ ಸಾಕಿತ್ತು. ಕೈಪಿಡಿಯ ಮೊದಲ ಮೂರು ಪುಟದಲ್ಲಿದ್ದದ್ದು ಅದೇ. ನಾನು ನೇರವಾಗಿ ನಾಲ್ಕನೆಯದಕ್ಕೆ ಲಾಗ ಹಾಕಿದ್ದೆ.

ಮಲ್ಲಂದೂರಿನ ಕೂಟದ ಮಂಜಯ್ಯನವರಿಗೆ ಫೋನು ಮಾಡಿದೆ. "ಅಯ್ಯೋ, ನಾವು ಹೋದ ಜುಲೈನಲ್ಲೇ ಕಸಿ ಮಾಡಿ ಮುಗಿಸಿದ್ವಲ್ಲ," ಎಂದರು ಹೆಮ್ಮೆಯಿಂದ. "ನಿಮ್ಮಲ್ಲಿ ಪೂರ್ತಿ ಇದೆಯಲ್ಲ ಅಂತ ಧೈರ್ಯ ನೋಡಿ."

ಕಳಸದ ಪುಟ್ಟಸ್ವಾಮಿ ನನ್ನ ಜೊತೆ ಓದಿದವನು. "ನಾವೂ ಹೋದ ತಿಂಗ್ಳು ಮಾಡಿದ್ವಿ ಮಾರಾಯ, ಜಾವಳಿಯವ್ರು ಇದಾರಲ್ಲ ಅಂತ. ಆದ್ರೆ ನಾನು ನಿನ್ನಷ್ಟು ಓದಿದವನಲ್ಲ ನೋಡು, ಹೆದ್ರಿಕೆ ಆಯ್ತು. ಕೊನೇ ಎರಡು ಕುಯ್ಲಿಂದು ಬಿಟ್ಟು ಹಳೇದು ಸವರ್ದೆ."

ಒಂದೇ ಕಾನ್ವೆಂಟು, ಒಂದೇ ಬೆಂಚು. ಅವನು ಹೆದರಿದ, ನಾನು ಹೆದರಲಿಲ್ಲ.

ಸಾಬರು ಅಂದೇ ಮೂಡಿಗೆರೆಯಲ್ಲಿ ಎರಡು ಟೆರಾಬೈಟಿನ ಹೊಸ ಡಿಸ್ಕ್ ತಂದು, ಟವೆಲಿನಲ್ಲಿ ಸುತ್ತಿ, ಕಳಸದ ಬಸ್ಸು ಹತ್ತಿದರು. ನನ್ನ ಜೀಪಿನಲ್ಲಿ ಹೋಗೋಣ ಎಂದೆ. "ಬೇಡ ಗೌಡ್ರೆ, ನೀವು ಮನೇಲೇ ಇರಿ," ಎಂದರು. ಇಷ್ಟು ಮೃದುವಾಗಿ ನನ್ನನ್ನು ಯಾರೂ ದೂರ ಇಟ್ಟಿರಲಿಲ್ಲ. ಮರುದಿನ ಸಂಜೆಗೆ ಎರಡು ಕುಯ್ಲು ಮನೆಗೆ ಬಂದವು. ಮೊದಲ ಕುಯ್ಲು ಎಲ್ಲೂ ಇರಲಿಲ್ಲ. ಪುಸ್ತಕದ ಮೊಟ್ಟಮೊದಲ ಬ್ಲಾಕ್, ಅಂದರೆ ಮೊದಲ ಪುಟ, ಮಾತ್ರ ಎಷ್ಟು ಸವರಿದರೂ ಹೋಗುವುದಿಲ್ಲವಂತೆ. ಹಾಗಾಗಿ ಮೂರೂ ಊರಿನಲ್ಲಿ ಅದು ಭದ್ರವಾಗಿ ಉಳಿದಿತ್ತು. ಅದರಲ್ಲಿದ್ದದ್ದು ಉದ್ಘಾಟನೆಯ ದಿನ ನಾನು ಮಾಡಿದ ಭಾಷಣ.

ಗಿಡ್ಡಮ್ಮನಿಗೆ ಹೇಳಬೇಕಿತ್ತು. ಅವಳೇ ವರ್ಕ್‌ಶಾಪಿಗೆ ಬಂದಳು, ಸೊಂಟದಲ್ಲಿ ಕಸಿ ಕತ್ತರಿ ಸಿಕ್ಕಿಸಿಕೊಂಡು. ಸಾಬರು ಸ್ಟೂಲು ಒರೆಸಿ ಕೊಟ್ಟು, ಎದುರಿಗೆ ನಿಂತೇ ಹೇಳಿದರು.

"ನಿನ್ನ ಮೊದಲ್ನೇ ವರ್ಷದ್ದು ಹೋಯ್ತಮ್ಮ. ಒತ್ತಿದ್ದು ನಾನು. ಅಳ್ಸೋಕಾಗಲ್ಲ ಅಂತ ನಿನಗೆ ಮಾತು ಕೊಟ್ಟವ್ನೂ ನಾನೇ."

ನನ್ನ ಕೈಯಲ್ಲಿ ಟೀ ಲೋಟವಿತ್ತು. ಸತ್ಯ ಹೇಳಬೇಕೆಂದರೆ, ಆ ಲೋಟ ಅರ್ಧ ಮುಗಿಯುವ ತನಕ ನಾನು ಸುಮ್ಮನಿದ್ದೆ. ತಪ್ಪು ಸಾಬರ ಮೇಲೆಯೇ ನಿಂತರೆ ನಿಲ್ಲಲಿ ಎಂಬ ಆಸೆಯಿತ್ತು. ಸುಗ್ರಾ ಬೀ ಒಳಗಿನಿಂದ ಬಂದು ನನ್ನ ಲೋಟವನ್ನು ದಿಟ್ಟಿಸಿದರು. ನಾನು ಲೋಟ ಕೆಳಗಿಟ್ಟೆ.

"ಒತ್ತಿ ಅಂದಿದ್ದು ನಾನು ಗಿಡ್ಡಮ್ಮ. ಸಾಬ್ರು ಕಂಪನಿಗೆ ಫೋನ್ ಮಾಡೋಣ ಅಂದಿದ್ರು. ಕಸಿ ಮಾಡಿದ್ರೆ ಚಿಗುರುತ್ತೆ ಅಂದ್ಕೊಂಡೆ."

ಗಿಡ್ಡಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು, ರೋಗ ಬಂದ ಗಿಡವನ್ನು ನೋಡುವ ಹಾಗೆ.

"ಕತ್ತರಿ ಹಾಕೋಕೆ ಮುಂಚೆ ಗಿಡದ ಸುತ್ತ ಒಂದ್ಸಲ ಬಂದ್ರಾ ಗೌಡ್ರೆ?"

"ಇಲ್ಲ."

"ಯಾವ್ದು ಏನು ಅಂತ ನೋಡಿದ್ರಾ?"

"ನಾಲ್ಕನೇ ಪುಟದಲ್ಲಿತ್ತು..."

"ಏನು ತುಂಬ್ಕೊಂಡಿತ್ತು ಅದ್ರಲ್ಲಿ?" ಈ ಪ್ರಶ್ನೆ ಸಾಬರಿಗೆ. ಅವರು ಲಾಗಿನ ಕಥೆ ಹೇಳಿದರು: ಮಳೆಗಾಲ, ಕಡಿದ ಲೈನು, ಸೆಕೆಂಡಿಗೆ ನೂರು ಸಲ.

ಗಿಡ್ಡಮ್ಮ ಹಣೆ ಚಚ್ಚಿಕೊಂಡಳು. "ಅದು ಕಂಬಚಿಗುರು! ಬುಡದಿಂದ ದಬದಬ ಏಳುತ್ತೆ, ಗಿಡದ ಸತ್ವ ಎಲ್ಲ ತಿನ್ನುತ್ತೆ, ಒಂದು ಕಾಯಿ ಬಿಡಲ್ಲ. ಅದನ್ನ ಕೈಯಲ್ಲೇ ಮುರ್ದು ಹಾಕ್ಬೇಕು. ಚಿಗುರು ತೆಗ್ಯೋ ಕೆಲ್ಸಕ್ಕೆ ಕತ್ತರಿ ತಗೊಂಡು ಹೋಗಿ ಕಾಯಿ ಬಿಟ್ಟ ರೆಂಬೆ ಸವರಿ ಬಂದಿದೀರಲ್ಲ! ನಿಮ್ಮನ್ನ ಯಾವ ಮೇಸ್ತ್ರಿ ಕೆಲ್ಸಕ್ಕೆ ತಗೊಂಡ?"

ಕಂಪನಿಯವರು ನಾಲ್ಕು ಪುಟದಲ್ಲಿ ಹೇಳಲು ಹೆಣಗಿದ್ದನ್ನು ಅವಳು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದಳು. ನಮ್ಮ ಭಾಷೆಯಲ್ಲೇ ಉತ್ತರ ಇತ್ತು. ನಾನು ತಪ್ಪು ಪದ ಹಿಡಿದಿದ್ದೆ, ಅಷ್ಟೇ.

ಮೇಡಂ ಬಂದರು, ಎಲ್ಲ ಕೇಳಿದರು, ಬೇಸರ ಪಟ್ಟರು. ಆದರೆ ಮೂರು ಎಂದರೆ ಮೂರು. ಎರಡಕ್ಕೆ ಹೆಸರು ಹಾಕಿದರೆ ಉಳಿದವರಿಗೆ ಏನು ಹೇಳಲಿ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆ ವರ್ಷ ಗಿಡ್ಡಮ್ಮನ ಕಾಫಿ ಎಲ್ಲರದರ ಜೊತೆ ಬೆರೆತು ಹೆಸರಿಲ್ಲದೆ ಹೋಯಿತು. ಚೀಲ ಹೊಲಿಯುವಾಗ ಅವಳು ಒಂದು ಹಿಡಿ ಕೈಯಲ್ಲಿ ತೆಗೆದುಕೊಂಡು ಮೂಸಿ, ಮತ್ತೆ ಒಳಕ್ಕೆ ಹಾಕಿದಳು. "ಇನ್ನೊಂದು ಕುಯ್ಲು ತಾನೆ," ಎಂದಳು. ಆಮೇಲೆ ಸಾಬರ ಕಡೆ ತಿರುಗಿ, "ಗೌಡ್ರನ್ನ ಆ ಕೋಣೆಗೆ ಬಿಡ್ಬೇಡ," ಎಂದಳು.

ಬಿಡಲಿಲ್ಲ. ಸಾಬರು ತಮ್ಮದೇ ಕ್ರಮ ಮಾಡಿಕೊಂಡರು. ನಮ್ಮ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚಿನ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಇದೆಯಲ್ಲ, ಹಾಗೆಯೇ ಒಂದು ಮಳೆ ಪುಸ್ತಕ ತಂದು ಅದರಲ್ಲಿ ಡಿಸ್ಕಿನ ಖಾಲಿ ಜಾಗ ಬರೆಯಲು ಶುರುಮಾಡಿದರು. ನೂರು ಗಿಗಾಬೈಟಿಗೆ ಒಂದು ಇಂಚು. ಒಟ್ಟು ಇಪ್ಪತ್ತಿಂಚಿನಲ್ಲಿ ನಾಲ್ಕಿಂಚು ಯಾವಾಗಲೂ ಖಾಲಿ ಇರಲೇಬೇಕು ಎಂಬುದು ಅವರ ಕಾನೂನು. ಸೋಮವಾರ ಸೋಮವಾರ ಲಾಗಿನ ಚಿಗುರು ಮುರಿಯುವುದು. ಸವರುವ ಮಾತು ಬಂದರೆ ಮೊದಲು ಇನ್ನೆರಡು ಊರಿಗೂ ಫೋನು ಮಾಡಿ, ಯಾರಲ್ಲಿ ಪೂರ್ತಿ ಇದೆ ಎಂದು ಬಾಯಿಬಿಟ್ಟು ಹೇಳಿಸಿಕೊಳ್ಳುವುದು. ಗಿಡ್ಡಮ್ಮ ಸಂತೆಗೆ ಹೋಗುವಾಗ ರಸ್ತೆಯಿಂದಲೇ ಕೂಗುತ್ತಿದ್ದಳು, "ಎಷ್ಟಿಂಚು ಮುಸ್ತಫಣ್ಣ?" "ಹದಿನಾರು ಮುಕ್ಕಾಲು!" ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಇದನ್ನು ಕೇಳಿದ ಒಬ್ಬ ಪ್ಲಾಂಟರು ಜೀಪು ನಿಲ್ಲಿಸಿ, ಯಾವ ಕಡೆ ಬಿತ್ತು ಎಂದು ವಿಚಾರಿಸಿದರಂತೆ.

ನನಗೆ ಆ ವರ್ಷ ಕೂಟದಲ್ಲಿ ಒಂದು ಹೊಸ ಜವಾಬ್ದಾರಿ ಸಿಕ್ಕಿತು. ಕೈಪಿಡಿಯ ಮೊದಲ ಮೂರು ಪುಟಗಳನ್ನು ಕನ್ನಡಕ್ಕೆ ತಂದುಕೊಡುವುದು, ಗಿಡ್ಡಮ್ಮ ಒಪ್ಪುವ ತನಕ. ಐದು ಸಲ ತಿದ್ದಿಸಿದಳು.

ಮುಂದಿನ ಕುಯ್ಲು ಮುಗಿಯಿತು. ಮೇಡಂ ಗುರುತನ್ನು ಮೊಬೈಲಿಗೆ ತೋರಿಸಿದಾಗ ಮೂರು ವರ್ಷದ ಬುಟ್ಟಿಗಳು ಒಂದರ ಹಿಂದೊಂದು ಬಂದವು. ಏಪ್ರಿಲಿನಲ್ಲಿ ವರ್ಕ್‌ಶಾಪಿಗೆ ಒಂದು ಪೆಟ್ಟಿಗೆ ಬಂತು. ಸಾಬರು ಕೈ ತೊಳೆದುಕೊಂಡು ಬಂದು ಅದನ್ನು ತೆರೆದು, ಮೊದಲ ಪೊಟ್ಟಣವನ್ನು ಗಿಡ್ಡಮ್ಮನ ಕೈಗಿಟ್ಟರು. ಕಪ್ಪು ಪೊಟ್ಟಣ, ಮಧ್ಯದಲ್ಲಿ ಬಿಳಿ ಅಕ್ಷರ, ಕನ್ನಡದಲ್ಲೇ.

ಗಿಡ್ಡಮ್ಮ ಅದನ್ನು ಬಿಸಿಲಿಗೆ ಹಿಡಿದಳು, ತಿರುಗಿಸಿದಳು, ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಸವರಿ ನೋಡಿದಳು. ಸಾಬರು ಪಕ್ಕದಿಂದ ಇಣುಕಿದರು.

"ಸರಿಯಾಗಿದೆಯಾ?" ಎಂದರು.

"ಸರಿಯಾಗಿದೆ. ಗಿಡ್ಡಪ್ಪ ಅಲ್ಲ." ಮತ್ತೊಮ್ಮೆ ನೋಡಿದಳು. "ಆದ್ರೆ ಎಷ್ಟು ಸಣ್ಣಕ್ಕೆ ಬರ್ದಿದಾರೆ ಮುಸ್ತಫಣ್ಣ! ಸುತ್ತ ಇಷ್ಟು ಜಾಗ ಖಾಲಿ ಬಿದ್ದಿದೆ."

"ಖಾಲಿ ಬಿಡ್ಬೇಕಮ್ಮ," ಎಂದರು ಸಾಬರು, ತಮ್ಮ ಕಣ್ಣೊರೆಸಿಕೊಳ್ಳುತ್ತ. "ಐದರಲ್ಲಿ ಒಂದು ಪಾಲು ಖಾಲಿ ಬಿಡ್ಲೇಬೇಕು."

"ಒಂದು ಪಾಲಲ್ಲ, ನಾಲ್ಕು ಪಾಲು ಬಿಟ್ಟಿದಾರೆ," ಎಂದು ಗಿಡ್ಡಮ್ಮ ನನ್ನ ಕಡೆ ತಿರುಗಿದಳು. "ಇದನ್ನೂ ನೀವೇ ಹೇಳ್ಕೊಟ್ರಾ ಗೌಡ್ರೆ?"